ಪಾದ್ರಿಗೆ ಹುಷಾರಿಲ್ಲ

ಬೆರ್ಸೆಬಾ
೮ ಮಾರ್ಚ್ ೧೯೯೨

ಪ್ರೀತಿಯ ಅಮ್ಮ,

ಕೊನೆಗೂ ಮಳೆ ಬಂತು. ಎರಡು ಸಂಜೆ ಸುರಿದು, ತನಗೂ ಸಾಕಾಯಿತು ಎನ್ನುವಂತೆ ನಿಂತುಹೋಯಿತು. ಮರುದಿನ ಮೇಕೆ ದೊಡ್ಡಿಯ ಬೇಲಿಯ ಕೆಳಗೆ ನನಗೊಂದು ಆಮೆ ಸಿಕ್ಕಿತು. ನನ್ನ ಅಂಗೈಯಲ್ಲಿ ಹಿಡಿಸುತ್ತದೆ. ಹಳದಿ ಮೈ, ಮೇಲೆಲ್ಲ ಕಪ್ಪು ಚುಕ್ಕೆ. ಎತ್ತಿಕೊಂಡ ಕೂಡಲೇ ನನ್ನ ಕೈಮೇಲೆ ಉಚ್ಚೆ ಹೊಯ್ದಿತು.

ಅಜ್ಜಿಗೆ ತೋರಿಸಿದೆ. ಅವಳು ಅದನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, ಪಾತ್ರೆ ಕೊಳ್ಳುವವಳ ಹಾಗೆ ನೋಡಿದಳು. "ಗುಡಾರ ಆಮೆ ಕಣೇ ಇದು. ಬೆಳೆಯೋದೇ ಇಷ್ಟು. ಒಳ್ಳೇ ಹೊತ್ತಿಗೆ ಬಂದಿದೆ. ನಿನ್ನ ಪುಡಿಡಬ್ಬಿಗೆ ಸರಿಹೋಗತ್ತೆ" ಎಂದಳು. ನಾನು ಮೈನೆರೆದು ಚಾಪೆಯ ಹಿಂದೆ ಕೂತು ಹೊರಬರುವ ದಿನ ಪರಿಮಳದ ಪುಡಿ ತುಂಬಿ ಕೊರಳಿಗೆ ಕಟ್ಟುವುದಕ್ಕೆ ಆಮೆಯ ಚಿಪ್ಪು ಬೇಕಲ್ಲ, ಅದಕ್ಕೆ. ಈಗಿನ ಹುಡುಗಿಯರು ಯಾರೂ ಕೂರುವುದಿಲ್ಲ ಎಂದು ನಾನು ಹೇಳಿದೆ. ಪಕ್ಕದ ಮನೆಯ ದೀನಾಜ್ಜಿ ಅಲ್ಲೇ ಕೂತಿದ್ದಳು. "ಕೂತ್ಕೊಂಡೋರು ಮನೇಲಿ ಉಳಿದ್ರು, ಎದ್ದು ಹೋದೋಳು ಹೋಗೇಬಿಟ್ಳು" ಎಂದಳು. ಅಜ್ಜಿ ಆಮೆಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು.

ನೀನು ಚಿಕ್ಕವಳಿದ್ದಾಗ ತಾತನ ಜೊತೆ ಕುರಿ ಮೇಯಿಸಲು ಹೋಗುತ್ತಿದ್ದೆಯಂತೆ. ನಿನಗೆ ಆಮೆಗಳು ಗೊತ್ತಿರಬೇಕು. ಇದು ಯಾವ ಜಾತಿ? ಹೇಗೆ ಕಂಡುಹಿಡಿಯುವುದು? ದೊಡ್ಡದಾಗುವ ಜಾತಿಯಾಗಿದ್ದರೆ ಡಬ್ಬಿಗೆ ಬರುವುದಿಲ್ಲ, ಅಲ್ಲವೇ?

ಇನ್ನೊಂದು. ನನ್ನ ದಿನ ಬಂದಾಗ ನೀನು ಬರುತ್ತೀಯಾ?

ನಿನ್ನ
ಫ್ರಾನ್ಸಿನಾ


ಲ್ಯೂಡೆರಿಟ್ಸ್
೨೨ ಮಾರ್ಚ್ ೧೯೯೨

ಮಗಳೇ,

ನಿನ್ನ ಕಾಗದ ಲಾರಿಯ ಯೋನಾಸ್ ತಂದುಕೊಟ್ಟ. ಇದರ ಜೊತೆ ಒಣಮೀನಿನ ಗಂಟಿದೆ. ಇಲ್ಲಿ ಗಾಳಿ ಬಿಟ್ಟರೆ ಬೇರೆ ಸುದ್ದಿ ಇಲ್ಲ.

ಆಮೆಯನ್ನು ನೆಲದ ಮೇಲೆ ಇಟ್ಟು, ಅದು ತಾನಾಗಿ ತಲೆ ಹೊರಹಾಕುವವರೆಗೆ ಸುಮ್ಮನೆ ಕೂತಿರು. ಕುತ್ತಿಗೆಯ ಮೇಲೆ, ಚಿಪ್ಪಿನ ಮುಂದಿನ ಅಂಚಿನ ನಟ್ಟನಡುವೆ ನೋಡು. ಗುಡಾರ ಆಮೆಯಾದರೆ ಅಲ್ಲಿ ಉಗುರಿನಷ್ಟು ಚಿಕ್ಕದೊಂದು ಬಿಲ್ಲೆ ಇರುತ್ತದೆ. ಚಿರತೆ ಆಮೆಗೆ ಅದಿಲ್ಲ, ಆ ಜಾಗದಲ್ಲಿ ಅಂಚು ಒಳಕ್ಕೆ ಸರಿದಿರುತ್ತದೆ. ಆಮೇಲೆ ಬೆನ್ನು. ಗುಡಾರ ಆಮೆಯ ಒಂದೊಂದು ಬಿಲ್ಲೆಯೂ ಗುಬುಟಾಗಿ ಎದ್ದಿರುತ್ತದೆ, ನಡುವಿನಿಂದ ಹಳದಿ ಗೆರೆಗಳು ಸುತ್ತಲೂ ಹರಡುತ್ತವೆ. ಚಿರತೆ ಆಮೆಯ ಮರಿಗೆ ಗೆರೆಗಳಿಲ್ಲ. ಬಿಲ್ಲೆಗೆ ಒಂದೋ ಎರಡೋ ಕಪ್ಪು ಚುಕ್ಕೆ, ಸುತ್ತ ಕಪ್ಪು ಅಂಚು, ಅಷ್ಟೇ. ಗಂಡೋ ಹೆಣ್ಣೋ ಎಂದು ಈಗಲೇ ಕೇಳಬೇಡ, ಅದು ದೊಡ್ಡದಾಗುವವರೆಗೆ ಯಾರಿಗೂ ಹೇಳಲು ಬರುವುದಿಲ್ಲ.

ಚಿರತೆ ಆಮೆಯಾಗಿದ್ದರೆ ಅದು ಹಿಟ್ಟು ಕಲಸುವ ಬೋಗುಣಿಯಷ್ಟು ಬೆಳೆಯುತ್ತದೆ. ಮರಿಯ ಚಿಪ್ಪು ಇನ್ನೂ ಮೆತ್ತಗಿರುತ್ತದೆ, ಒಣಗಿಸಿದರೆ ಮುದುಡುತ್ತದೆ. ಡಬ್ಬಿಗೆ ಬರುವುದಿಲ್ಲ.

ಸುಮ್ಮಸುಮ್ಮನೆ ಎತ್ತಬೇಡ. ಅದು ನಿನ್ನ ಕೈಮೇಲೆ ಹೊಯ್ದದ್ದು ಉಚ್ಚೆಯಲ್ಲ, ಮಳೆಯಿಲ್ಲದ ತಿಂಗಳುಗಳಿಗೆ ಅಂತ ಕೂಡಿಟ್ಟುಕೊಂಡ ನೀರು. ಹೆದರಿದರೆ ಚೆಲ್ಲಿಬಿಡುತ್ತದೆ, ಆಮೇಲೆ ಬಾಯಾರಿ ಸಾಯುತ್ತದೆ. ಡಬ್ಬಿಯ ಮುಚ್ಚಳದಲ್ಲಿ ಒಂದಿಷ್ಟು ನೀರಿಡು. ಮೂಗು ಮುಳುಗಿಸಿ ಕುಡಿಯುತ್ತದೆ, ಗಾಬರಿಯಾಗಬೇಡ.

ಸಾಧ್ಯವಿದ್ದರೆ ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡು.

ಅಮ್ಮ


ಬೆರ್ಸೆಬಾ
೧೨ ಏಪ್ರಿಲ್ ೧೯೯೨

ಪ್ರೀತಿಯ ಅಮ್ಮ,

ಬಿಲ್ಲೆ ಇಲ್ಲ! ಮೂರು ಸಲ ನೋಡಿದೆ. ಕುತ್ತಿಗೆಯ ಮೇಲೆ ಅಂಚು ಒಳಕ್ಕೆ ಸರಿದಿದೆ. ಚುಕ್ಕೆಗಳೂ ನೀನು ಬರೆದ ಹಾಗೆಯೇ ಇವೆ.

ಅಜ್ಜಿಗೆ ಹೇಳಿದೆ. "ಯಾರು ಹೇಳಿಕೊಟ್ರು ನಿಂಗೆ ಇದನ್ನ?" ಎಂದಳು. ಶಾಲೆಯ ಮೇಷ್ಟರು ಎಂದೆ. "ಆ ಮೇಷ್ಟ್ರಿಗೆ ಮೇಕೆಗೂ ಕುರಿಗೂ ವ್ಯತ್ಯಾಸ ಗೊತ್ತಿಲ್ಲ" ಎಂದು ನಕ್ಕಳು. ಆಮೇಲೆ ತಾನೇ ಬೆರಳು ಆಡಿಸಿ ನೋಡಿದಳು. ಅವಳ ಕಣ್ಣು ಸ್ವಲ್ಪ ಮಂಜಾಗಿದೆ, ಬೆರಳಿಗೆ ಏನೂ ಆಗಿಲ್ಲ. ಅದನ್ನು ಕೆಳಗೆ ಬಿಟ್ಟು, "ನಿಮ್ಮ ತಾತ ಹೀಗೇ ನೋಡ್ತಿದ್ದ" ಎಂದಳು. ಮೇಷ್ಟರ ಮಾತು ಮತ್ತೆ ಎತ್ತಲಿಲ್ಲ.

ಹಾಗಂತ ಸೋತಳು ಎಂದುಕೊಳ್ಳಬೇಡ. "ಬೆಳೀಲಿ ಬಿಡು. ನಿನ್ನ ದಿನ ಬರೋದ್ರೊಳಗೆ ಚಿಪ್ಪು ಗಟ್ಟಿಯಾಗತ್ತೆ, ಆಗ ನೋಡೋಣ" ಎಂದಿದ್ದಾಳೆ. ಬೇಗ ಗಟ್ಟಿಯಾಗಲಿ ಎಂದು ಗಂಜಿ ತಿನ್ನಿಸಲು ನೋಡಿದಳು. ಅದು ಗಂಜಿಯ ಮೇಲೆ ನಡೆದುಕೊಂಡು ಹೋಯಿತು. ನಿನ್ನೆ ಅದರ ಹಿಂದಿನಿಂದ ಸುಣ್ಣದಂಥ ಬಿಳಿ ಬಂತು. ಅದು ಸತ್ತೇ ಹೋಗುತ್ತದೆ ಎಂದು ನಾನು ಅತ್ತೆ. ಏನು ಅದು?

ಬಿಟ್ಟುಬಿಡು ಎಂದು ಬರೆದಿದ್ದೀಯ. ಬೇಲಿಯ ಮೇಲೆ ಕಾಗೆಗಳು ಕಾದು ಕೂತಿವೆ. ಇಷ್ಟು ಚಿಕ್ಕದನ್ನು ಎತ್ತಿ ಕಲ್ಲಿನ ಮೇಲೆ ಕೆಡವುತ್ತವೆ. ನಾನು ಬಿಡುವುದಿಲ್ಲ.

ನೀನು ಆಮೆಯ ಬಗ್ಗೆ ಎರಡು ಪುಟ ಬರೆದೆ. ನಾನು ಕೇಳಿದ ಇನ್ನೊಂದಕ್ಕೆ ಉತ್ತರ ಬರೆಯಲಿಲ್ಲ.

ಫ್ರಾನ್ಸಿನಾ


ಲ್ಯೂಡೆರಿಟ್ಸ್
೩ ಮೇ ೧೯೯೨

ಮಗಳೇ,

ಬಿಳಿ ಬಂದರೆ ಹೆದರಬೇಡ. ನೀರು ಉಳಿಸುವ ಪ್ರಾಣಿ, ಉಚ್ಚೆ ಹಾಗೇ ಬರುತ್ತದೆ. ತೆಳ್ಳಗಿದ್ದರೆ ಒಳ್ಳೆಯದು, ಮರಳಿನ ಹಾಗೆ ಗಟ್ಟಿಯಾದರೆ ನೀರು ಸಾಲದು ಎಂದು ಅರ್ಥ. ವಾರಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ, ಗಲ್ಲ ಮುಳುಗದಷ್ಟು ಆಳದಲ್ಲಿ, ನಿಲ್ಲಿಸು.

ಗಂಜಿ, ರೊಟ್ಟಿ, ಹಾಲು, ಮಾಂಸ ಯಾವುದೂ ಬೇಡ. ಅವುಗಳಿಂದ ಬೇಗ ಬೆಳೆದಂತೆ ಕಾಣುತ್ತದೆ, ಆದರೆ ಬೆನ್ನು ಗುಬುಟುಗುಬುಟಾಗಿ ಕೆಡುತ್ತದೆ. ಹುಲ್ಲು, ಮುಳ್ಳುಸೊಪ್ಪು, ಮುಳ್ಳು ಸುಟ್ಟು ತೆಗೆದ ಪಾಪಸುಕಳ್ಳಿ ಸಾಕು. ಬಯಲಲ್ಲಿ ಬಿಸಿಲಿಗೆ ಬಿಳಿಚಿದ ಹಳೆಯ ಮೂಳೆ ಸಿಕ್ಕರೆ ಹತ್ತಿರ ಇಡು, ಕಚ್ಚಿ ಕೆರೆಯುತ್ತದೆ. ಚಿಪ್ಪು ಗಟ್ಟಿಯಾಗುವುದು ಅದರಿಂದ ಮತ್ತು ಬಿಸಿಲಿನಿಂದ. ಹಗಲು ಮುಳ್ಳಿನ ಬೇಲಿ ಕಟ್ಟಿ ಹೊರಗೆ ಬಿಡು, ಅರ್ಧ ನೆರಳಿರಲಿ. ರಾತ್ರಿ ಒಳಗೆ.

ನೀನು ಕೇಳಿದ್ದು. ನಾನು ಹದಿಮೂರರಲ್ಲಿ ಚಾಪೆಯ ಹಿಂದಿನಿಂದ ಎದ್ದು ಕೀಟ್‌ಮನ್ಸ್‌ಹೂಪ್‌ಗೆ ಪರೀಕ್ಷೆ ಬರೆಯಲು ಹೋದವಳು. ಜನ ಬಂದಾಗಿತ್ತು, ಮೇಕೆ ಕಡಿದಾಗಿತ್ತು. ಇನ್ನು ಈ ಹೊಸಿಲು ತುಳಿಯಬೇಡ ಎಂದು ನಿನ್ನ ಅಜ್ಜಿ ಹೇಳಿದಳು. ನಾನು ತುಳಿದಿಲ್ಲ. ನಿನ್ನನ್ನು ಅವಳ ಹತ್ತಿರ ಬಿಡಬೇಕಾಗಿ ಬಂದಾಗಲೂ ಯೋನಾಸನ ಕೈಯಲ್ಲಿ ಕಳಿಸಿದೆ. ಕರೆಯಬೇಕಾದವಳು ಅವಳು. ಅವಳು ಕರೆಯುವವಳಲ್ಲ.

ಅಮ್ಮ


ಬೆರ್ಸೆಬಾ
೧೪ ಜೂನ್ ೧೯೯೨

ಸುಸಾನ್ನಾ,

ಫ್ರಾನ್ಸಿನಾ ಚಾಪೆಯ ಹಿಂದೆ ಕೂತಿದ್ದಾಳೆ. ತಣ್ಣೀರು ಮುಟ್ಟುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ, ಪೆನ್ನು ಇನ್ನೆಲ್ಲಿ? ಅದಕ್ಕೆ ನಾನು ಬರೆಯಬೇಕಾಗಿದೆ. ಬೇರೆ ಕಾರಣವಿಲ್ಲ.

ವಿಷಯ ಆಮೆಯದು. ಜೂನ್ ಚಳಿ ಬಂತು, ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ನಾನು ಹಿಂದೆ ಕೆಲಸಕ್ಕಿದ್ದ ಜರ್ಮನ್ ದೊರೆಸಾನಿ ಚಳಿಗಾಲ ಬಂದರೆ ತನ್ನ ಆಮೆಯನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ, ವಸಂತದಲ್ಲಿ ತೆಗೆಯುತ್ತಿದ್ದಳು. ನಾನೂ ಹಾಗೇ ಮಾಡಿ ಮಂಚದ ಕೆಳಗೆ ಇಟ್ಟೆ. ಇದು ಮಲಗುವುದಿಲ್ಲ. ಹಗಲೆಲ್ಲ ಪೆಟ್ಟಿಗೆಯನ್ನು ಕೆರೆಯುತ್ತದೆ. ಚಾಪೆಯ ಆಚೆಯಿಂದ ಹುಡುಗಿಗೆ ಕೇಳಿಸುತ್ತದೆ.

"ಅಜ್ಜಿ, ಅದನ್ನ ಬಿಸಿಲಿಗೆ ಹಾಕಿದ್ಯಾ?" ಎನ್ನುತ್ತಾಳೆ. "ಅದು ಮಲಗೋ ಕಾಲ ಕಣೇ" ಎಂದರೆ, "ಅಮ್ಮನ್ನ ಕೇಳು" ಎನ್ನುತ್ತಾಳೆ. ಮೊನ್ನೆಯಿಂದ ಊಟ ಬಿಟ್ಟಿದ್ದಾಳೆ. "ಅದು ಉಂಡ ಮೇಲೆ ನಾನು ಉಣ್ತೀನಿ" ಅಂತೆ. ದೀನಾ ಹಾಲು, ಮಾಂಸ ಹಿಡಿದುಕೊಂಡು ಎದುರು ಕೂತು ಬೈಯುತ್ತಾಳೆ, ಅಂಗಲಾಚುತ್ತಾಳೆ, ಕೊನೆಗೆ ತಾನೇ ತಿಂದು ಎದ್ದುಬರುತ್ತಾಳೆ. ಚಾಪೆಯ ಹಿಂದೆ ಕೂತವಳು ಮೈ ತುಂಬಿಕೊಂಡು ಹೊರಬರಬೇಕು. ಇವಳು ಬಡಕಲಾಗಿ ಬಂದರೆ ಊರು ನನ್ನನ್ನೇ ಕೇಳುತ್ತದೆ. ಹಠ ಯಾರಿಂದ ಬಂತೆಂದು ನಾನು ಹೇಳಬೇಕಿಲ್ಲ.

ಮೇಷ್ಟರು ಯಾರೆಂದು ನನಗೆ ಆವತ್ತೇ ಗೊತ್ತಾಗಿತ್ತು. ಏನು ಮಾಡಬೇಕು, ಬರೆ.

ಒಟ್ಟಿಲಿಯೆ ಬೋಯಿಸ್


ಲ್ಯೂಡೆರಿಟ್ಸ್
೨೧ ಜೂನ್ ೧೯೯೨

ಅಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಕೂಡಲೇ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ದೊರೆಸಾನಿಯದು ಅವಳ ದೇಶದಿಂದ ಬಂದ ಆಮೆ ಇರಬೇಕು, ಅವು ಚಳಿಗಾಲ ಪೂರ್ತಿ ಮಲಗುತ್ತವೆ. ನಮ್ಮ ಚಿರತೆ ಆಮೆ ಹಾಗಲ್ಲ. ಚಳಿ ಹೆಚ್ಚಿದ ದಿನ ಮುದುಡಿಕೊಂಡಿರುತ್ತದೆ, ಬಿಸಿಲು ಬಂದರೆ ಎದ್ದು ಮೇಯುತ್ತದೆ. ಮುಚ್ಚಿಟ್ಟರೆ ಹಸಿವಿನಿಂದ ಸಾಯುತ್ತದೆ.

ಬಿಸಿಲು ಏರಿದ ಮೇಲೆ ಗೋಡೆಯ ಬದಿಯಲ್ಲಿ, ಗಾಳಿ ಬೀಸದ ಕಡೆ ಬಿಡಿ. ಇಳಿಯುವ ಮೊದಲೇ ಒಳಗೆ ತನ್ನಿ. ಒದ್ದೆಯಾಗಿ ತಣ್ಣಗಿರಬಾರದು, ಮೂಗು ಸೋರಲು ಶುರುವಾದರೆ ಕಷ್ಟ. ಒಲೆಯ ಬೂದಿಯ ಮೇಲೂ ಇಡಬೇಡಿ. ಹಸಿರು ಸಿಗದಿದ್ದರೆ ಒಣಹುಲ್ಲನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಡಿ.

ಅದು ತಿನ್ನುವುದನ್ನು ಫ್ರಾನ್ಸಿನಾ ನೋಡಲಾಗದಿದ್ದರೆ, ಚಾಪೆಯ ಹತ್ತಿರ ಇಟ್ಟು ತಿನ್ನಿಸಿ. ಹುಲ್ಲು ಕಚ್ಚುವ ಸದ್ದು ಕೇಳಿಸುತ್ತದೆ.

ಸುಸಾನ್ನಾ


ಬೆರ್ಸೆಬಾ
೫ ಜುಲೈ ೧೯೯೨

ಸುಸಾನ್ನಾ,

ಹೇಳಿದ ಹಾಗೆ ಮಾಡಿದೆ. ತಿಂದಿತು. ಆಚೆಯಿಂದ ಹುಡುಗಿ, "ಇನ್ನೂ ಜೋರಾಗಿ ತಿನ್ನಿಸು ಅಜ್ಜಿ, ಕೇಳಿಸ್ತಿಲ್ಲ" ಎಂದಳು. ಆಮೇಲೆ ತಾನೂ ಉಂಡಳು. ಈಗ ಎರಡೂ ಒಟ್ಟಿಗೆ ಉಣ್ಣುತ್ತವೆ.

ನಾನು ಅದನ್ನು ಪಾದ್ರಿ ಎಂದು ಕರೆಯುತ್ತೇನೆ. ಕುತ್ತಿಗೆ ಎಳೆದುಕೊಂಡು, ತುಟಿ ಬಿಗಿದು, ಯಾರೂ ಸರಿಯಿಲ್ಲ ಎನ್ನುವ ಮುಖ ಮಾಡಿಕೊಂಡು ನಡೆಯುತ್ತದೆ. ಬಿಸಿಲಿಗೆ ಬಿಟ್ಟಾಗ ಕಾಗೆ ಕಾಯಲು ನಾನೂ ಕೂರುತ್ತೇನೆ. ಮಂಡಿಗೆ ಬಿಸಿಲು ಒಳ್ಳೆಯದು. "ಒಟ್ಟಿಲಿಯೆ, ಮುದಿವಯಸ್ಸಲ್ಲಿ ಪಾದ್ರಿ ಮೇಯಿಸ್ತಿದೀಯಲ್ಲೇ" ಎಂದು ದೀನಾ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಕೇಳಬೇಕಾದದ್ದು ಮೂರು. ಬೆನ್ನಿನ ಬಿಲ್ಲೆಗಳ ನಡುವೆ ಬಿಳಿ ಗೆರೆ ಕಾಣುತ್ತಿದೆ, ಏನದು? ಮೂಳೆಯನ್ನು ಅರೆದು ಕೊಡಬಹುದೇ? ಅದು ಎಷ್ಟು ವರ್ಷ ಬದುಕುತ್ತದೆ?

ಇದೇ ತಿಂಗಳ ಹದಿನೆಂಟು, ಶನಿವಾರ, ಹುಡುಗಿಯನ್ನು ಹೊರಗೆ ಕರೆತರುತ್ತೇವೆ. ತಿಳಿದಿರಲಿ ಎಂದು ಬರೆದೆ.

ಒಟ್ಟಿಲಿಯೆ


ಲ್ಯೂಡೆರಿಟ್ಸ್
೧೨ ಜುಲೈ ೧೯೯೨

ಅಮ್ಮನವರಿಗೆ,

ಬಿಳಿ ಗೆರೆ ಹೊಸ ಬೆಳವಣಿಗೆ, ಒಳ್ಳೆಯದೇ. ಮೂಳೆ ಅರೆದು ಹುಲ್ಲಿನ ಮೇಲೆ ಉದುರಿಸಬಹುದು. ಚೆನ್ನಾಗಿ ನೋಡಿಕೊಂಡರೆ ನಮ್ಮೆಲ್ಲರಿಗಿಂತ ಹೆಚ್ಚು ಬದುಕುತ್ತದೆ.

ಶನಿವಾರ ಮೀನಿನ ಕಾರ್ಖಾನೆಯಲ್ಲಿ ನನಗೆ ಪಾಳಿ ಇದೆ. ನೀವು ತಿಳಿಸಿದ್ದನ್ನು ತಿಳಿದುಕೊಂಡೆ. ಹುಡುಗಿಯ ಲಂಗಕ್ಕೆ ಬಣ್ಣದ ತೇಪೆ ಸೇರಿಸಲು ಒಂದಿಷ್ಟು ಬಟ್ಟೆ ಯೋನಾಸನ ಕೈಯಲ್ಲಿ ಕಳಿಸಿದ್ದೇನೆ. ನೀಲಿಯದು ನನ್ನ ಹಳೆಯ ಉಡುಪಿನದು.

ಸುಸಾನ್ನಾ


ಬೆರ್ಸೆಬಾ
೨೬ ಜುಲೈ ೧೯೯೨

ಪ್ರೀತಿಯ ಅಮ್ಮ,

ನಾನು ಹೊರಗೆ ಬಂದೆ. ಮುಖಕ್ಕೆ ಕೆಮ್ಮಣ್ಣು ಬಳಿದು, ಮೈಗೆಲ್ಲ ಪುಡಿ ತಿಕ್ಕಿ, ಪ್ರಪಂಚ ಈಗಷ್ಟೇ ಹುಟ್ಟಿದೆ ಎನ್ನುವ ಹಾಗೆ ಎಲ್ಲವನ್ನೂ ಒಂದೊಂದಾಗಿ ಮುಟ್ಟಿಸಿದರು. ನೀರು, ಒಲೆ, ಪಾತ್ರೆ, ಮೇಕೆಗಳು. ಕೊನೆಗೆ ಅಜ್ಜಿ ಪಾದ್ರಿಯನ್ನು ತಂದು, "ಇದನ್ನೂ ಮುಟ್ಟು" ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮುಟ್ಟಿದೆ. ಕೈಮೇಲೆ ನೀರು ಚೆಲ್ಲಲಿಲ್ಲ.

ಡಬ್ಬಿಯ ಕಥೆ ಕೇಳು. ಅಜ್ಜಿ ನನ್ನ ಕೊರಳಿಗೆ ಕಟ್ಟಿದ್ದು ಕೋಕೋ ಪುಡಿಯ ತಗಡಿನ ಡಬ್ಬಿ. ತೂತು ಕೊರೆದು, ಚರ್ಮದ ದಾರ ಪೋಣಿಸಿ, ಮಣಿ ಹೊಲಿದಿದ್ದಳು. "ಒಟ್ಟಿಲಿಯೆ ಮನೇಲಿ ಆಮೆ ಕಣ್ಣೆದುರಿಗೇ ಓಡಾಡ್ತಿದೆ, ಹುಡುಗಿ ಕೊರಳಲ್ಲಿ ನೋಡಿದ್ರೆ ಕೋಕೋ" ಎಂದಳು ದೀನಾಜ್ಜಿ. ಅಜ್ಜಿ ತಲೆ ಎತ್ತಿಕೊಂಡೇ, "ಪಾದ್ರಿನ ಕೊಂದ ಮನೆ ಅನ್ನಿಸ್ಕೊಳ್ಳೋಕೆ ನನಗೆ ಇಷ್ಟ ಇಲ್ಲ" ಎಂದಳು.

ನಿನ್ನ ನೀಲಿ ಬಟ್ಟೆಯನ್ನು ಅಜ್ಜಿ ನನ್ನ ಲಂಗಕ್ಕೆ ಹಾಕಲಿಲ್ಲ. ಎಲ್ಲಿ ಎಂದು ಕೇಳಿದರೆ, ಇಲಿ ತಿಂತು ಎಂದಳು. ಅವಳ ದಿಂಬಿನ ಹೊದಿಕೆ ಈಗ ನೀಲಿ. ಆ ಶನಿವಾರ ಲಾರಿಯ ಸದ್ದಾದಾಗಲೆಲ್ಲ ಅವಳು ಮಾತು ನಿಲ್ಲಿಸುತ್ತಿದ್ದಳು. ನಾನೂ ನಿನ್ನನ್ನು ಕಾದೆ, ಅಮ್ಮ. ಬಹಳ ಬೇಜಾರಾಯಿತು. ಈಗ ಬರೆದುಬಿಟ್ಟೆ.

ಪಾದ್ರಿ ದಪ್ಪಗಾಗಿದ್ದಾನೆ. ನನ್ನ ಅಂಗೈಯಲ್ಲಿ ಇನ್ನು ಹಿಡಿಸುವುದಿಲ್ಲ. ಸಿಕ್ಕಿದ್ದೆಲ್ಲ ತಿನ್ನುತ್ತಾನೆ. ಇವತ್ತು ಬೆಳಿಗ್ಗೆ ಅಜ್ಜಿಯ ಕೆಂಪು ಲಂಗದ ಅಂಚನ್ನು ಹೂವೆಂದುಕೊಂಡು ಹಿಡಿದ, ಬಿಡಿಸಲು ಇಬ್ಬರು ಬೇಕಾಯಿತು. ಅಜ್ಜಿ ಆಮೇಲಿಂದ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದಾಳೆ. ಬರೆಯುತ್ತಾಳೆ, ಹರಿಯುತ್ತಾಳೆ. ನಾನು ಹತ್ತಿರ ಹೋದರೆ ತೋಳು ಅಡ್ಡ ಇಡುತ್ತಾಳೆ. ಯಾರಿಗೆ ಎಂದು ಕೇಳಿದೆ. "ಸರ್ಕಾರಕ್ಕೆ" ಎಂದಳು.

ಯೋನಾಸ್ ಮಾವ ಲಾರಿ ಶುರು ಮಾಡಿದ. ಓಡುತ್ತೇನೆ.

ನಿನ್ನ
ಫ್ರಾನ್ಸಿನಾ


ಬೆರ್ಸೆಬಾ
೨೬ ಜುಲೈ ೧೯೯೨

ಸನ್ನಾ,

ಹುಡುಗಿ ಹೊರಗೆ ಬಂದಳು. ಎಲ್ಲ ಸರಿಯಾಗಿ ಆಯಿತು. ಇನ್ನು ಮೇಲೆ ಅವಳೇ ನಿನಗೆ ಬರೆಯುತ್ತಾಳೆ, ನಾನು ಬರೆಯುವ ಅಗತ್ಯವಿಲ್ಲ ಎಂದುಕೊಂಡಿದ್ದೆ.

ಆದರೆ ಪಾದ್ರಿಗೆ ಹುಷಾರಿಲ್ಲ. ನಾಲ್ಕು ದಿನದಿಂದ ಬಾಯಿಗೆ ಏನೂ ಇಟ್ಟಿಲ್ಲ. ಕಣ್ಣು ತೆರೆಯುವುದಿಲ್ಲ, ಮೂಗು ಸೋರುತ್ತಿದೆ. ಮುಟ್ಟಿದರೆ ಕಾಲು ಎಳೆದುಕೊಳ್ಳುವುದೂ ಇಲ್ಲ. ನೀನು ಬರೆದದ್ದೆಲ್ಲ ಮಾಡಿ ನೋಡಿದೆ. ಕಾಗದದಲ್ಲಿ ಓದಿ ಮಾಡುವುದಕ್ಕೂ ಕಣ್ಣಾರೆ ನೋಡಿ ಮಾಡುವುದಕ್ಕೂ ವ್ಯತ್ಯಾಸವಿದೆ. ಗೊತ್ತಿದ್ದವರು ಯಾರಾದರೂ ಬಂದು ನೋಡಿದರೆ ಒಳ್ಳೆಯದು. ಇಲ್ಲಿ ಗೊತ್ತಿದ್ದವರು ಯಾರೂ ಇಲ್ಲ.

ನನಗೂ ವಯಸ್ಸಾಯಿತು. ಒಬ್ಬಳೇ ಇದನ್ನೆಲ್ಲ ನೋಡಿಕೊಳ್ಳಲು ಭಯವಾಗುತ್ತದೆ.

ಅಮ್ಮ


ಲ್ಯೂಡೆರಿಟ್ಸ್
೩೦ ಜುಲೈ ೧೯೯೨

ಅಮ್ಮಾ,

ನಿನ್ನ ಕಾಗದವನ್ನೂ ಫ್ರಾನ್ಸಿನಾಳ ಕಾಗದವನ್ನೂ ಯೋನಾಸ್ ಒಟ್ಟಿಗೇ ತಂದುಕೊಟ್ಟ. ಎರಡನ್ನೂ ಓದಿದೆ. ನಿನ್ನದನ್ನು ಮತ್ತೆ ಓದಿದೆ.

ನೀನು ಬರೆದ ಲಕ್ಷಣ ನೋಡಿದರೆ ಕಾಯಿಲೆ ಸಣ್ಣದಲ್ಲ. ಇದನ್ನು ಕಾಗದದಲ್ಲಿ ಹೇಳಿ ವಾಸಿಮಾಡಲು ಆಗುವುದಿಲ್ಲ. ನೀನು ಹೇಳಿದ್ದೇ ಸರಿ, ಬಂದು ನೋಡಬೇಕು. ಕಾರ್ಖಾನೆಯಲ್ಲಿ ರಜೆ ಕೇಳಿದೆ. ಯಾರಿಗೆ ಹುಷಾರಿಲ್ಲ ಎಂದು ಮೇಲ್ವಿಚಾರಕ ಕೇಳಿದ. ಮನೆಯಲ್ಲಿ ಎಂದೆ.

ಮುಂದಿನ ಗುರುವಾರ ಯೋನಾಸನ ಲಾರಿಯಲ್ಲಿ ಬರುತ್ತೇನೆ. ಬರಲು ನನಗೂ ಭಯವಿದೆ. ಇಂಥ ಕಾಯಿಲೆ ಒಂದೆರಡು ದಿನದಲ್ಲಿ ಹೋಗುವುದಿಲ್ಲ, ಕೆಲವು ದಿನ ಹತ್ತಿರವಿದ್ದು ನೋಡಿಕೊಳ್ಳಬೇಕಾಗುತ್ತದೆ.

ಅಲ್ಲಿಯವರೆಗೆ ಎಂದಿನ ಹಾಗೆ ಬಿಸಿಲಿಗೆ ಬಿಡು. ಪಾದ್ರಿಗೆ ಹುಷಾರಿಲ್ಲ ಎನ್ನುವುದನ್ನು ಮಾತ್ರ ಫ್ರಾನ್ಸಿನಾಗೆ ಹೇಳಬೇಡ.

ನಿನ್ನ ಮಗಳು
ಸನ್ನಾ